ಕಲಬುರಗಿ ಕೋಟೆಯಿಂದ ಬೀದರ್ ಕೋಟೆಗೆ ನಡಿಗೆ: 14 ಕೆಜಿ ಚೀಲದಲ್ಲಿ ಏನು ಬಿಡಲಿ?

ಎರೆಹೊಲ_27

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ಡಿಸೆಂಬರ್ ಕೊನೆಯ ವಾರ ಆರು ದಿನ ರಜೆ ಸಿಕ್ಕಿದೆ. ಇಲ್ಲಿಯ ಕೋಟೆ ಬಾಗಿಲಿನಿಂದ ಹೊರಟು ಬೀದರ್ ಕೋಟೆ ಬಾಗಿಲು ಮುಟ್ಟುವವರೆಗೆ ನಡೆದೇ ಹೋಗಬೇಕು ಅಂತ ಎರಡು ವರ್ಷದಿಂದ ಮನಸ್ಸಿನಲ್ಲಿದೆ. ಬಹಮನಿ ಸುಲ್ತಾನರು 1420ರ ದಶಕದಲ್ಲಿ ರಾಜಧಾನಿಯನ್ನು ಇಲ್ಲಿಂದ ಅಲ್ಲಿಗೆ ಒಯ್ದರು ಅಂತ ಶಾಲೆಯಲ್ಲಿ ಓದಿದಾಗಿನಿಂದ ಒಂದೇ ಯೋಚನೆ. ಕುದುರೆ, ಬಂಡಿ ಇದ್ದವರು ಹೇಗೋ ಹೋಗಿರುತ್ತಾರೆ, ತಲೆಯ ಮೇಲೆ ಗಂಟು ಹೊತ್ತವರು ಎಷ್ಟು ದಿನ ನಡೆದಿರಬಹುದು? ರಸ್ತೆ ಹಿಡಿದರೆ ಸುಮಾರು 115 ಕಿಲೋಮೀಟರ್. ಮಹಾಗಾಂವ ಕ್ರಾಸ್, ಕಮಲಾಪುರ, ಹುಮನಾಬಾದ್, ಹಳ್ಳಿಖೇಡ ಮೇಲೆ ಹೋಗುವ ಲೆಕ್ಕ. ದಿನಕ್ಕೆ 20ರಿಂದ 25.

ಅಕ್ಟೋಬರ್ ಕೊನೆಯಲ್ಲಿ ಒಮ್ಮೆ ನಡೆದು ನೋಡಿದೆ, ಕಮಲಾಪುರದವರೆಗೆ ಮಾತ್ರ, ಎರಡು ದಿನ. ಮೊದಲ ದಿನ ಮಧ್ಯಾಹ್ನಕ್ಕೇ ಹೆಗಲು ಹಿಡಿದುಕೊಂಡವು. ಹಿಂದಿನ ರಾತ್ರಿ ಮಳೆಯಾಗಿತ್ತು, ಹೆದ್ದಾರಿ ಬೇಡ ಅಂತ ಹೊಲದ ಬಂಡಿ ದಾರಿಗೆ ಇಳಿದೆ, ಎರೆಮಣ್ಣು ಬೂಟಿಗೆ ಮೆತ್ತಿ ಮೆತ್ತಿ ಒಂದೊಂದು ಕಾಲು ಎತ್ತುವುದೇ ಕಷ್ಟ ಆಯಿತು, ಕಡ್ಡಿಯಲ್ಲಿ ಕೆರೆದು ತೆಗೆದರೆ ಹತ್ತು ಹೆಜ್ಜೆಗೆ ಮತ್ತೆ ಅಷ್ಟೇ. ಎರಡೂ ಹಿಮ್ಮಡಿಗೆ ಗುಳ್ಳೆ ಬಂದವು. ಕಮಲಾಪುರದಿಂದ ಬಸ್ಸು ಹತ್ತಿ ಮನೆಗೆ ಬಂದೆ.

ಮರುದಿನ ಚೀಲವನ್ನು ಹಾಗೆಯೇ ಕಿರಾಣಿ ಅಂಗಡಿಗೆ ಒಯ್ದು ಕಾಟಾದ ಮೇಲೆ ಇಟ್ಟೆ. ಸರಿಯಾಗಿ 14 ಕೆಜಿ. ನಾನು ಇರುವುದೇ 62. ಟ್ರೆಕ್ಕಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ಇದು ಬೇಕೇ ಬೇಕು ಅಂದದ್ದನ್ನೆಲ್ಲ ತಂದಿದ್ದೆ. 70 ಲೀಟರಿನ ಚೀಲವೇ 2.3 ಕೆಜಿ. ಇಬ್ಬರು ಮಲಗುವ ಟೆಂಟ್ 3 ಕೆಜಿ. ಸ್ಲೀಪಿಂಗ್ ಬ್ಯಾಗ್ 1.7. ಜೀನ್ಸ್, ಜಾಕೆಟ್, ಎರಡು ಜೊತೆ ಬಟ್ಟೆ, ದಪ್ಪ ಟರ್ಕಿ ಟವೆಲ್ ಎಲ್ಲ ಸೇರಿ 2.4. ಗ್ಯಾಸ್ ಒಲೆ, ಸಿಲಿಂಡರ್, ಪಾತ್ರೆ 1.2. ಊಟದ ಸಾಮಾನು 900 ಗ್ರಾಂ, ದೊಡ್ಡ ಪವರ್ ಬ್ಯಾಂಕ್ 450 ಗ್ರಾಂ, ಸ್ಟೀಲ್ ಬಾಟಲಿ ನೀರು ತುಂಬಿ 1.4. ಉಳಿದ 650 ಗ್ರಾಂ ಸೋಪು, ಔಷಧ, ಚಪ್ಪಲಿ, ಟಾರ್ಚು.

ಏನು ಬಿಡಲಿ, ಏನು ಬದಲಿಸಲಿ? ಇನ್ನು ಖರ್ಚು ಮಾಡಲು ಎರಡು ಸಾವಿರಕ್ಕಿಂತ ಜಾಸ್ತಿ ಇಲ್ಲ. ಇನ್ನೊಂದು ಪ್ರಶ್ನೆ, ದಾರಿ ಸ್ವಲ್ಪ ಸುತ್ತಾದರೂ ಚಿಂಚೋಳಿ ಕಾಡಿನ ಮೇಲೆ ಹೋಗಿ ಒಂದು ರಾತ್ರಿ ಅಲ್ಲಿ ಟೆಂಟ್ ಹಾಕಬಹುದಾ? ಒಬ್ಬನೇ ಹೋಗುತ್ತಿದ್ದೇನೆ.


ಆಳಂದ_ರಸ್ತೆ

ಮೊದಲಿಗೆ, ಚೀಲ ತೂಗಿ ನೋಡಿದ್ದು ಬಹಳ ಒಳ್ಳೆಯ ಕೆಲಸ. ಹೆಚ್ಚಿನವರು ಅದನ್ನೇ ಮಾಡುವುದಿಲ್ಲ. ಈಗ ಒಂದು ಹೆಜ್ಜೆ ಮುಂದೆ ಹೋಗಿ. ಅಡುಗೆ ಮನೆಯ ಸಣ್ಣ ತೂಕದ ಯಂತ್ರ ಯಾರ ಹತ್ತಿರವಾದರೂ ಇದ್ದರೆ ತಂದು ಒಂದೊಂದೇ ಸಾಮಾನು ತೂಗಿ ವಹಿಯಲ್ಲಿ ಬರೆಯಿರಿ. ಸೋಪಿನ ಡಬ್ಬಿಯನ್ನೂ ಬಿಡಬೇಡಿ.

ದೂರ ನಡೆಯುವವರು ಬೇಸ್ ವೇಟ್ ಅಂತ ಒಂದು ಲೆಕ್ಕ ಇಡುತ್ತಾರೆ. ನೀರು, ಊಟ, ಗ್ಯಾಸು ದಾರಿಯಲ್ಲಿ ಖರ್ಚಾಗುತ್ತವೆ, ಅವನ್ನು ಬಿಟ್ಟು ಉಳಿದ ಚೀಲದ ತೂಕ ಅದು. ನಿಮ್ಮದು ಹತ್ತಿರ ಹತ್ತಿರ 12 ಆಗುತ್ತದೆ. ಇದು 9 ಕೆಜಿ ಒಳಗಿದ್ದರೆ ಲೈಟ್‌ವೇಟ್ ಅನ್ನುತ್ತಾರೆ, 4.5 ಕೆಜಿ ಒಳಗಿದ್ದರೆ ಅಲ್ಟ್ರಾಲೈಟ್. 4.5 ಎಲ್ಲಿಂದ ಬಂತು ಅಂದರೆ ಅದು ಅಮೆರಿಕದವರ 10 ಪೌಂಡ್, ಅಷ್ಟೇ. ಅದನ್ನು ಮುಟ್ಟಲೇಬೇಕು ಅಂತ ಹಟ ಬೇಡ. ಆದರೆ 12 ಮಾತ್ರ ಈ ದಾರಿಗೆ ಬಹಳ ಬಹಳ ಜಾಸ್ತಿ.

ಸೋಪು ಕತ್ತರಿಸುವುದು, ಬ್ರಷ್ಷಿನ ಹಿಡಿ ಮುರಿಯುವುದು ಆಮೇಲಿನ ಮಾತು. ಚೀಲ, ಟೆಂಟ್, ಹಾಸಿಗೆ ಈ ಮೂರನ್ನು ಮೊದಲು ನೋಡಿ. ನಿಮ್ಮ 14ರಲ್ಲಿ ಅರ್ಧ, ಸರಿಯಾಗಿ 7 ಕೆಜಿ, ಈ ಮೂರರಲ್ಲೇ ಇದೆ. ಚೀಲವನ್ನು ಕೊನೆಗೆ ಆರಿಸಿ. ದೊಡ್ಡ ಚೀಲ ಮೊದಲೇ ಕೈಯಲ್ಲಿದ್ದರೆ ಖಾಲಿ ಜಾಗ ಕಂಡಾಗಲೆಲ್ಲ ಏನಾದರೂ ತುರುಕುತ್ತೇವೆ. ಸಾಮಾನು ಕಡಿಮೆ ಆದ ಮೇಲೆ 35 ಲೀಟರಿನ ಸಾದಾ ಕಾಲೇಜ್ ಚೀಲ ಸಾಕಾಗುತ್ತದೆ, ಅದು ಒಂದು ಕೆಜಿಯೂ ಇರುವುದಿಲ್ಲ. ಅದಕ್ಕೆ ಸೊಂಟದ ಪಟ್ಟಿ ಇರುವುದಿಲ್ಲ, 8 ಕೆಜಿ ಒಳಗಿದ್ದರೆ ಅದರ ಅವಶ್ಯಕತೆಯೂ ಬೀಳುವುದಿಲ್ಲ.

ಒಲೆ ಪೂರ್ತಿ ಬಿಟ್ಟುಬಿಡಿ. ಹಿಮಾಲಯದಲ್ಲಿ ಹಿಮ ಕರಗಿಸಿ ನೀರು ಮಾಡಬೇಕಾದವರಿಗೆ ಒಲೆ ಬೇಕು. ಕಲಬುರಗಿ ಬೀದರ್ ನಡುವೆ ಎಷ್ಟು ಕಡೆ ಚಹಾದಂಗಡಿ ಸಿಗುತ್ತವೆ ನೀವೇ ಬಸ್ಸಿನಲ್ಲಿ ನೋಡಿದ್ದೀರಿ. ನಡಿಗೆಯ ಊಟದ ವಿಷಯದಲ್ಲಂತೂ ನಾವು ಪುಣ್ಯವಂತರು. ಹೊರದೇಶದವರು ಒಣಗಿಸಿದ ಊಟದ ಪ್ಯಾಕೆಟ್ಟಿಗೆ ನೂರಾರು ರೂಪಾಯಿ ಕೊಡುತ್ತಾರೆ, ನಮ್ಮ ಮನೆಯಲ್ಲಿ ಜೋಳದ ಖಡಕ್ ರೊಟ್ಟಿ ಡಬ್ಬಿ ತುಂಬ ಇರುತ್ತದೆ. ನೀರಿನ ಅಂಶ ಇಲ್ಲ, ವಾರಗಟ್ಟಲೆ ಕೆಡುವುದಿಲ್ಲ, ತೂಕ ಇಲ್ಲವೇ ಇಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಟಾಣಿ, ಬೆಲ್ಲ. 100 ಗ್ರಾಂ ಶೇಂಗಾದಲ್ಲಿ 560ರಷ್ಟು ಕ್ಯಾಲರಿ ಇದೆ, ಅದೇ ತೂಕದ ಬಾಳೆಹಣ್ಣಿನಲ್ಲಿ 90. ಆದ್ದರಿಂದ ಶೇಂಗಾ ಹೊರಿ, ಬಾಳೆಹಣ್ಣನ್ನು ಸಿಕ್ಕಲ್ಲೇ ತಿಂದು ಮುಗಿಸಿ. ಕಮಲಾಪುರದಲ್ಲಿ ಕೆಂಬಾಳೆ ತಿನ್ನದೆ ಮುಂದೆ ಹೋಗಬೇಡಿ. ರೊಟ್ಟಿ ಪುಡಿಯಾಗದಿರಲು ಬಟ್ಟೆಯಲ್ಲಿ ಸುತ್ತಿ ಚೀಲದ ಬೆನ್ನಿನ ಕಡೆ ನಿಲ್ಲಿಸಿ ಇಡಿ, ಅಲ್ಲಿ ಮಡಿಕೆ ಬೀಳುವುದಿಲ್ಲ.

ಸ್ಟೀಲ್ ಬಾಟಲಿ ಖಾಲಿಯೇ 400 ಗ್ರಾಂ. ಅಂಗಡಿಯ ಒಂದು ಲೀಟರಿನ ನೀರಿನ ಬಾಟಲಿ 30 ಗ್ರಾಮಿನ ಒಳಗೆ. ಅಂಥವು ಎರಡು ತೊಗೊಳ್ಳಿ. ಜೀನ್ಸ್ ಮನೆಯಲ್ಲಿರಲಿ, ತೊಯ್ದರೆ ಒಂದು ದಿನ ಒಣಗುವುದಿಲ್ಲ, ತೊಡೆ ಬೇರೆ ಉಜ್ಜುತ್ತದೆ. ಟರ್ಕಿ ಟವೆಲ್ ಬದಲು ತೆಳು ಪಂಜೆ. ಅದು ಟವೆಲ್ಲೂ ಆಗುತ್ತದೆ, ತಲೆಗೆ ಸುತ್ತಲೂ ಆಗುತ್ತದೆ, ರಾತ್ರಿ ಕಿವಿ ಮುಚ್ಚಿಕೊಳ್ಳಲೂ ಆಗುತ್ತದೆ.

ದುಡ್ಡಿನ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಅಪಲಾಚಿಯನ್ ಟ್ರೇಲ್ ಅಂತ 3,200 ಕಿಲೋಮೀಟರಿಗೂ ಉದ್ದದ ಕಾಲುದಾರಿ ಇದೆ. ಅದನ್ನು 1955ರಲ್ಲಿ ಎಮ್ಮಾ ಗೇಟ್‌ವುಡ್ ಅನ್ನುವ 67 ವರ್ಷದ ಅಜ್ಜಿ ಒಬ್ಬರೇ ನಡೆದು ಮುಗಿಸಿದರು. 11 ಮಕ್ಕಳ ತಾಯಿ. ಕೈಯಾರೆ ಹೊಲಿದ ಬಟ್ಟೆ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಹೊದೆಯಲು ಒಂದು ಕಂಬಳಿ, ಮಳೆಗೆ ಬಚ್ಚಲಿನ ಪ್ಲಾಸ್ಟಿಕ್ ಪರದೆ. ಆಮೇಲೆ ಅದೇ ದಾರಿಯನ್ನು ಇನ್ನೂ ಎರಡು ಸಲ ಮುಗಿಸಿದರು. ನಿಮ್ಮ ಎರಡು ಸಾವಿರವನ್ನು ಕಾಲಿಗೆ ಖರ್ಚು ಮಾಡಿ, ಒಳ್ಳೆಯ ಹಗುರ ಶೂ, ಎರಡು ಜೊತೆ ಸಾಕ್ಸ್. ಕಾಲಿನ ಮೇಲಿನ ತೂಕ ಬೆನ್ನಿನ ತೂಕಕ್ಕಿಂತ ಹಲವು ಪಟ್ಟು ದಣಿಸುತ್ತದೆ, ಪ್ರತಿ ಹೆಜ್ಜೆಗೂ ಅದನ್ನು ಎತ್ತಬೇಕಲ್ವಾ.


ಚಂದ್ರಂಪಳ್ಳಿ_ನೀರು

ಚಿಂಚೋಳಿ ಪ್ರಶ್ನೆಗೆ ಮಾತ್ರ ಉತ್ತರ. ಬೇಡ. 2011ರಿಂದ ಅದು ವನ್ಯಜೀವಿಧಾಮ, 135 ಚದರ ಕಿಲೋಮೀಟರ್ ಹತ್ತಿರ ಇದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಟೆಂಟ್ ಹಾಕುವಂತಿಲ್ಲ. ತೋಳ, ಕತ್ತೆಕಿರುಬ ಇರುವ ಕಾಡು. ಅವು ಮನುಷ್ಯನ ತಂಟೆಗೆ ಬರುವುದು ಅಪರೂಪ, ನಾವೇ ರಾತ್ರಿ ಬೆಂಕಿ ಹಚ್ಚಿ ಅವುಗಳಿಗೆ ತೊಂದರೆ ಕೊಡುತ್ತೇವೆ. ಡಿಸೆಂಬರ್ ಆದ ಮೇಲೆ ಹುಲ್ಲು ಒಣಗಿರುತ್ತದೆ, ಒಂದು ಕಿಡಿ ಸಾಕು. ನಿಮ್ಮ ಕೋಟೆ ಕೋಟೆ ನಡಿಗೆಗೆ ಇದನ್ನು ಸೇರಿಸಬೇಡಿ. ಮಳೆಗಾಲ ಮುಗಿದ ಮೇಲೆ ಬೇರೆ ಸಲ ಬನ್ನಿ, ಚಂದ್ರಂಪಳ್ಳಿ ಡ್ಯಾಂ ತುಂಬಿರುತ್ತದೆ, ಎತ್ತಿಪೋತ ಜಲಪಾತ ನೋಡಬಹುದು. ಅನುಮತಿ ತೊಗೊಂಡು, ಗೊತ್ತಿದ್ದವರ ಜೊತೆಗೆ.


ಕಾಗಿಣಾ_ದಂಡೆ

ತಮ್ಮಾ, ನನಗೆ 58. ಊರು ಸೇಡಂ ಕಡೆ. 11 ವರ್ಷದಿಂದ ಯುಗಾದಿಗೆ ಮೊದಲು ಶ್ರೀಶೈಲಕ್ಕೆ ನಡೆದು ಹೋಗುತ್ತೇನೆ. ಆ ಅಮೆರಿಕದ ಅಜ್ಜಿಯ ಮಾತು ಓದಿ ಖುಷಿ ಆಯಿತು, ಯಾಕೆಂದರೆ ಅಂಥ ಅಜ್ಜಿಯರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಎಪ್ಪತ್ತು ದಾಟಿದವರು, ತಲೆಯ ಮೇಲೆ ಒಂದು ಗಂಟು, ಗಂಟಿನಲ್ಲಿ ಒಂದು ಸೀರೆ, ನಾಲ್ಕು ರೊಟ್ಟಿ, ಒಂದು ತಂಬಿಗೆ. ನಲ್ಲಮಲ ಕಾಡಿನಲ್ಲಿ ಭೀಮನ ಕೊಳ್ಳದ ಇಳಿಜಾರು ಮೆಟ್ಟಿಲು ನಮ್ಮಂಥವರ ಮೊಣಕಾಲು ನಡುಗಿಸುತ್ತವೆ, ಅವರು ಮಲ್ಲಯ್ಯನ ಹಾಡು ಹಾಡುತ್ತ ನಮ್ಮನ್ನು ದಾಟಿ ಹೋಗುತ್ತಾರೆ.

ಮೊದಲ ವರ್ಷ ನಾನೂ ಎರಡು ಕೌದಿ, ಸ್ಟೀಲ್ ಡಬ್ಬಿ, ನಾಲ್ಕು ಜೊತೆ ಬಟ್ಟೆ ಕಟ್ಟಿಕೊಂಡಿದ್ದೆ. ಮೂರನೇ ದಿನ ಒಂದು ಕೌದಿಯನ್ನು ದಾರಿಯಲ್ಲಿ ಒಬ್ಬ ಕುರಿ ಕಾಯುವವನಿಗೆ ಕೊಟ್ಟೆ. ಈಗ ನನ್ನ ಜೋಳಿಗೆ ನಾಲ್ಕು ಕೆಜಿ ದಾಟುವುದಿಲ್ಲ. ಮೈಮೇಲೆ ಒಂದು ಧೋತರ, ಚೀಲದಲ್ಲಿ ಒಂದು. ಸಂಜೆ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಹೊದೆಯಲು ಸೊಲ್ಲಾಪುರ ಚಾದರ್.

ನಡೆಯುವ ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ನಾವು ಮುಂಜಾನೆ ನಾಲ್ಕಕ್ಕೆ ಎದ್ದು ಹೊರಡುತ್ತೇವೆ, ಬಿಸಿಲು ಏರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ದಾರಿ ಮುಗಿದಿರುತ್ತದೆ. ಮಧ್ಯಾಹ್ನ ಮರದ ಕೆಳಗೆ ಶೂ, ಸಾಕ್ಸ್ ಎರಡೂ ಬಿಚ್ಚಿ, ಕಾಲನ್ನು ಚೀಲದ ಮೇಲೆ ಎತ್ತರಕ್ಕೆ ಇಟ್ಟು ಮಲಗಬೇಕು. ಒಂದು ತಾಸು ಹಾಗೆ ಮಲಗಿ ಎದ್ದರೆ ಬೇರೆಯವರ ಕಾಲು ಜೋಡಿಸಿದ ಹಾಗೆ ಅನಿಸುತ್ತದೆ. ರಾತ್ರಿ ಅಂಗಾಲಿಗೆ ಎಣ್ಣೆ ತಿಕ್ಕಿ ಮಲಗು. ಡಿಸೆಂಬರಿನಲ್ಲಿ ನಾಲ್ಕಕ್ಕೆ ಹೊರಡುವುದು ಬೇಡ, ಚಳಿ ಇರುತ್ತದೆ, ಕತ್ತಲೆಯಲ್ಲಿ ರಸ್ತೆಯೂ ಒಳ್ಳೆಯದಲ್ಲ. ಬೆಳಕು ಹರಿದ ಮೇಲೆ ಹೊರಟರೆ ಸಾಕು. ಕಮಲಾಪುರ ದಾಟಿದ ಮೇಲೆ ಏರು ಬರುತ್ತದೆ, ಅದನ್ನು ಬೆಳಿಗ್ಗೆಯೇ ಹತ್ತಿಬಿಡು.

ಇನ್ನೊಂದು ಮಾತನ್ನು ನೆನಪಿಟ್ಟುಕೋ. ಶ್ರೀಶೈಲದ ದಾರಿಯಲ್ಲಿ ನಾಲ್ಕು ಕೆಜಿಗೆ ನಡೆಯುತ್ತದೆ, ಯಾಕೆಂದರೆ ಅಲ್ಲಿ ಹೆಜ್ಜೆ ಹೆಜ್ಜೆಗೆ ದಾಸೋಹ ಇರುತ್ತದೆ. ಊರಿನವರು ನೀರು, ಮಜ್ಜಿಗೆ, ಅನ್ನ ಸಾರು ಹಿಡಿದು ನಿಂತಿರುತ್ತಾರೆ, ಕಾಲಿಗೆ ಮುಲಾಮು ಹಚ್ಚುವವರೂ ಇರುತ್ತಾರೆ. ತುಳಜಾಪುರಕ್ಕೆ ಸೀಗಿ ಹುಣ್ಣಿಮೆಗೆ ಹೋಗುವವರಿಗೂ ಹಾಗೆಯೇ. ನೀನು ಹೋಗುವುದು ಜಾತ್ರೆಯ ದಿನ ಅಲ್ಲ, ಒಬ್ಬನೇ ಬೇರೆ. ನಿನಗಾಗಿ ಯಾರೂ ಕಾಯುತ್ತಿರುವುದಿಲ್ಲ. ಆದ್ದರಿಂದ ಊರು ಮುಟ್ಟಿದ ಕೂಡಲೇ ಗುಡಿ ಕಟ್ಟೆಯಲ್ಲಿ ಕೂತವರಿಗೆ ಶರಣು ಅಂದು ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಹೇಳು. ಹೇಳಿದರೆ ಜಾಗ ಸಿಗುತ್ತದೆ. ಹೇಳದೆ ಊರ ಹೊರಗೆ ಟೆಂಟ್ ಹಾಕಿದರೆ ರಾತ್ರಿ ಹತ್ತು ಜನ ಬ್ಯಾಟರಿ ಹಿಡಿದು ಬರುತ್ತಾರೆ, ಅವರ ತಪ್ಪೂ ಅಲ್ಲ.


ಕೆಂಪುಕಲ್ಲು_ಬೀದರ್

ಕಾಕಾ, ನೀವು ಹೇಳಿದ್ದು ನಿಮಗೂ ಈ ಅಣ್ಣನಿಗೂ ಸರಿ. ಆದರೆ ಇದನ್ನು ಓದುವ ಹುಡುಗಿಯರೂ ಇರುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ. ಗುಡಿ ಕಟ್ಟೆಯಲ್ಲಿ ನಮಗೆ ಮಲಗಲು ಆಗುವುದಿಲ್ಲ. ಯಾತ್ರೆಯ ಗುಂಪಿನಲ್ಲಿ ನೂರು ಹೆಂಗಸರಿರುವಾಗ ಆ ಮಾತು ಬೇರೆ. ಹೋದ ವರ್ಷ ಜನವರಿಯಲ್ಲಿ ನಾನು ಮತ್ತು ನನ್ನ ಗೆಳತಿ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಎರಡು ದಿನ ನಡೆದೆವು. ಅಕ್ಕ ಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದ ಮಾತನ್ನು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು, ಕೊನೆಯ 30 ಕಿಲೋಮೀಟರ್ ಆದರೂ ನಮ್ಮ ಕಾಲಿಗೆ ಗೊತ್ತಾಗಲಿ ಅನಿಸಿತ್ತು. ನಡುವಿನ ಒಂದು ರಾತ್ರಿಗೆ ಗೆಳತಿಯ ಚಿಕ್ಕಮ್ಮನ ಮನೆ. ಅದನ್ನು ಗೊತ್ತು ಮಾಡಿಕೊಳ್ಳಲು ಎರಡು ತಿಂಗಳು ಬೇಕಾಯಿತು. ಆ ಮನೆ ಸಿಕ್ಕ ದಿನವೇ ಟೆಂಟ್, ಹಾಸಿಗೆ, ಹೊದಿಕೆ ಎಲ್ಲ ಪಟ್ಟಿಯಿಂದ ಹೋಯಿತು. ನೀರು ಸೇರಿ ನನ್ನ ಚೀಲ 4.2 ಕೆಜಿ ಇತ್ತು.

ಅದಕ್ಕೇ ಹೇಳುತ್ತೇನೆ ಅಣ್ಣಾ, ನೀವೂ ಸಾಮಾನಿಗೆ ಹಾಕುವ ಯೋಚನೆಯಲ್ಲಿ ಅರ್ಧವನ್ನು ಮಲಗುವ ಜಾಗಕ್ಕೆ ಹಾಕಿ. ಐದು ರಾತ್ರಿಯಲ್ಲಿ ಮೂರಕ್ಕೆ ನೆಂಟರ ಮನೆಯೋ, ಮಠವೋ, ಲಾಡ್ಜೋ ಮೊದಲೇ ಗೊತ್ತಾದರೆ ಬೆನ್ನಿನಿಂದ ನಾಲ್ಕು ಕೆಜಿ ಇಳಿಯುತ್ತದೆ. ಹುಮನಾಬಾದಿನಲ್ಲಿ ಲಾಡ್ಜುಗಳಿವೆ. ಕಲಬುರಗಿಯವರಿಗೆ ಬೀದರ್ ದಾರಿಯಲ್ಲಿ ಒಬ್ಬರಾದರೂ ನೆಂಟರು ಇಲ್ಲದೆ ಇರುತ್ತಾರಾ?

ಈಗ ನನಗೆ ನಿಜವಾಗಿ ಭಯ ಇರುವ ವಿಷಯ. ನಿಮ್ಮ ಎಲ್ಲ ಪಟ್ಟಿಯಲ್ಲೂ ಹಾವು, ತೋಳ ಇವೆ, ಟ್ರ್ಯಾಕ್ಟರ್ ಇಲ್ಲ. ಡಿಸೆಂಬರ್ ಅಂದರೆ ನಮ್ಮ ಕಡೆ ಕಬ್ಬು ನುರಿಸುವ ಕಾಲ, ಒಂದೊಂದು ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರೇಲರ್, ಕಬ್ಬು ಎರಡೂ ಕಡೆ ಚಾಚಿಕೊಂಡಿರುತ್ತದೆ, ಹಿಂದೆ ದೀಪ ಇರುವುದಿಲ್ಲ. ಅದೇ ಹೊತ್ತಿಗೆ ತೊಗರಿ ಕಟಾವು, ಆ ಗಾಡಿಗಳೂ ಸೇರುತ್ತವೆ. ಹೆದ್ದಾರಿಯ ಮೇಲೆ ನಡೆಯುವಾಗ ಯಾವಾಗಲೂ ರಸ್ತೆಯ ಬಲಗಡೆ ನಡೆಯಿರಿ, ಎದುರಿಗೆ ಬರುವ ಗಾಡಿ ಕಣ್ಣಿಗೆ ಕಾಣಬೇಕು. ಕಿವಿಗೆ ಏನೂ ಹಾಕಿಕೊಳ್ಳಬೇಡಿ. ರಸ್ತೆ ಕೆಲಸದವರು ಹಾಕುವ ಹೊಳೆಯುವ ಪಟ್ಟಿಯ ಜಾಕೆಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ಇನ್ನೂರಕ್ಕೆ ಸಿಗುತ್ತದೆ, ತೂಕ ಒಂದು ಅಂಗಿಗಿಂತ ಕಡಿಮೆ. ಅದನ್ನು ಚೀಲದ ಮೇಲೆ ಹಾಕಿ ಕಟ್ಟಿ. ಸೂರ್ಯ ಮುಳುಗಿದ ಮೇಲೆ ಒಂದು ಕಿಲೋಮೀಟರ್ ಕೂಡ ರಸ್ತೆಯಲ್ಲಿ ಬೇಡ.

ಬಂಡಿ ದಾರಿ ಹಿಡಿಯಿರಿ, ಖಂಡಿತ ಹಿಡಿಯಿರಿ, ಅದೇ ಚೆಂದ. ಡಿಸೆಂಬರಿನಲ್ಲಿ ಎರೆಮಣ್ಣು ಮೆತ್ತುವುದಿಲ್ಲ, ಆದರೆ ನೆಲ ಬಿರುಕು ಬಿಟ್ಟಿರುತ್ತದೆ, ಕಾಲು ಸಿಕ್ಕಿ ಹೊರಳಿದರೆ ನಡಿಗೆ ಅಲ್ಲಿಗೇ ಮುಗಿಯಿತು. ಬೀದರ್ ಹತ್ತಿರ ಬಂದಂತೆ ನೆಲ ಕೆಂಪಾಗುತ್ತದೆ, ನಮ್ಮ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿ. ಕಪ್ಪಿನಿಂದ ಕೆಂಪಿಗೆ ನೆಲ ತಿರುಗುವ ಜಾಗವನ್ನು ಬಸ್ಸಿನಲ್ಲಿ ನಾನು ಒಮ್ಮೆಯೂ ಗಮನಿಸಿರಲಿಲ್ಲ.

ನಡುವೆ ಕಾಲು ಸೋತರೆ ಹಟ ಮಾಡಬೇಡಿ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗ ನಿಮ್ಮ ದಾರಿಯ ಆಚೀಚೆಯೇ ಹೋಗುತ್ತದೆ, ಕಮಲಾಪುರ, ಹುಮನಾಬಾದ್ ಎರಡೂ ಕಡೆ ಸ್ಟೇಷನ್ ಇವೆ. ರೈಲಿನ ಹೊತ್ತು ಮೊದಲೇ ನೋಡಿಕೊಂಡು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.


ಬುದ್ಧನ_ಗುಡ್ಡ

ನಾನು ಶಹಾಪುರದವಳು, ನರ್ಸ್ ಕೆಲಸ. ಯಾತ್ರೆಯ ಕಾಲದಲ್ಲಿ ನಡೆದು ಬರುವವರ ಕಾಲು ತೊಳೆದು ಪಟ್ಟಿ ಕಟ್ಟಿ ಅಭ್ಯಾಸ ಇದೆ. ಕಾಲು, ನೀರು, ಹಾವು, ಈ ಮೂರರ ಬಗ್ಗೆ ಹೇಳುತ್ತೇನೆ.

ಗುಳ್ಳೆ ಬರುವುದು ಬೆವರು, ಶಾಖ, ಉಜ್ಜಾಟ ಮೂರೂ ಸೇರಿದಾಗ. ಹತ್ತಿಯ ಸಾಕ್ಸ್ ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಆಟದವರು ಹಾಕುವ ನೈಲಾನ್ ಅಥವಾ ಪಾಲಿಯೆಸ್ಟರ್ ಸಾಕ್ಸ್ ತೊಗೊಳ್ಳಿ. ಎರಡು ಜೊತೆ ಸಾಕು, ಮಧ್ಯಾಹ್ನ ಬದಲಿಸಿ, ಬಿಚ್ಚಿದ್ದನ್ನು ಚೀಲದ ಹೊರಗೆ ಪಿನ್ ಹಾಕಿ ತೂಗುಬಿಡಿ. ದಿನವೆಲ್ಲ ನಡೆದರೆ ಕಾಲು ಊದುತ್ತದೆ, ಆದ್ದರಿಂದ ಶೂ ಅರ್ಧ ಸೈಜ್ ದೊಡ್ಡದಿರಲಿ, ಖರೀದಿಗೆ ಸಂಜೆ ಹೊತ್ತು ಹೋಗಿ. ಈಗಲೇ ತೊಗೊಂಡು ದಿನಾ ಹಾಕಿಕೊಂಡು ತಿರುಗಾಡಿ, ಹೊಸ ಶೂ ಹಾಕಿಕೊಂಡು ಹೊರಡಬೇಡಿ ತಮ್ಮಾ. ಔಷಧದ ಅಂಗಡಿಯಲ್ಲಿ ಕಾಗದದಂಥ ತೆಳುವಾದ ಬಿಳಿ ಟೇಪ್ ಸಿಗುತ್ತದೆ. ಹೋದ ಸಲ ಗುಳ್ಳೆ ಬಂದ ಜಾಗಕ್ಕೆ ಹೊರಡುವ ಮುಂಚೆಯೇ ಅದನ್ನು ಅಂಟಿಸಿ. ನಡೆಯುವಾಗ ಒಂದು ಕಡೆ ಬಿಸಿ ಬಿಸಿ ಅನಿಸಿದರೆ ಆ ಕ್ಷಣವೇ ನಿಂತು ಶೂ ಬಿಚ್ಚಿ ನೋಡಿ. ಇನ್ನೊಂದು ಊರು ಮುಟ್ಟಿ ನೋಡೋಣ ಅನ್ನುವವರೇ ನಮ್ಮ ಹತ್ತಿರ ಚರ್ಮ ಸುಲಿದುಕೊಂಡು ಬರುತ್ತಾರೆ. ಗುಳ್ಳೆ ಬಂದೇ ಬಂದರೆ ಮೇಲಿನ ಚರ್ಮ ಕಿತ್ತು ಹಾಕಬೇಡಿ. ಬಹಳ ದೊಡ್ಡದಿದ್ದರೆ ಸ್ವಚ್ಛ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಬಿಟ್ಟು, ಚರ್ಮ ಹಾಗೆಯೇ ಇರಲಿ, ಮೇಲೆ ಪಟ್ಟಿ ಹಾಕಿ. ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಚುಚ್ಚಲೇಬಾರದು, ಡಾಕ್ಟರ ಹತ್ತಿರ ಹೋಗಿ.

ನೀರು. ಎಲ್ಲ ತೂಕ ಕಡಿಮೆ ಮಾಡಿ, ನೀರಿನ ತೂಕ ಕಡಿಮೆ ಮಾಡಬೇಡಿ. ಹೋದ ಸಲ 14 ಕೆಜಿ ಚೀಲದಲ್ಲಿ ನೀರು ಒಂದೇ ಲೀಟರ್ ಇತ್ತು ಅನ್ನುವುದನ್ನು ಓದಿ ನನಗೆ ಗಾಬರಿ ಆಯಿತು. ಊರು ಬಿಡುವಾಗ ಯಾವಾಗಲೂ ಎರಡು ಲೀಟರ್ ತುಂಬಿಕೊಳ್ಳಿ. ನಾಣ್ಯ ಹಾಕುವ ಶುದ್ಧ ನೀರಿನ ಘಟಕಗಳು ಈಗ ಹಳ್ಳಿಗಳಲ್ಲೂ ಇವೆ. ಅಲ್ಲಿ ಕ್ಯಾನ್ ತುಂಬಿಸಿಕೊಳ್ಳುವವರನ್ನು ಕೇಳಿದರೆ ನಿಮ್ಮ ಬಾಟಲಿಗೂ ಹಿಡಿಸುತ್ತಾರೆ. ಕೆರೆ, ಹಳ್ಳದ ನೀರು ಬೇಡ. ಅದೇ ಗತಿ ಅಂತಾದರೆ ಇರಲಿ ಅಂತ ಕ್ಲೋರಿನ್ ಮಾತ್ರೆಯ ಒಂದು ಪಟ್ಟಿ ಇಟ್ಟುಕೊಳ್ಳಿ, ತೂಕವೇ ಇಲ್ಲ. ಓಆರ್‌ಎಸ್ ನಾಲ್ಕು ಪ್ಯಾಕೆಟ್ ಬೇಕು. ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾ ಚಮಚದ ಲೆಕ್ಕ, ಚಮಚ ಗೋಪುರ ತುಂಬಬಾರದು, ಮಟ್ಟಸವಾಗಿರಬೇಕು.

ಕಟ್ಟೆಯ ಮೇಲೆ, ನೆಲದ ಮೇಲೆ ಮಲಗುವ ಮಾತು ಬಂದಿದೆ. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನೇ ಕಚ್ಚುವುದು ಜಾಸ್ತಿ. ಕಚ್ಚಿದ್ದು ಗೊತ್ತೂ ಆಗುವುದಿಲ್ಲ, ನೋವು ಅಷ್ಟು ಕಡಿಮೆ, ಊತವೂ ಕಾಣುವುದಿಲ್ಲ. ಆದ್ದರಿಂದ ಟೆಂಟ್ ಬಿಡಿ, ಸೊಳ್ಳೆ ಪರದೆ ಬಿಡಬೇಡಿ. ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿ ಮಲಗಿದರೆ ಸೊಳ್ಳೆ, ಚೇಳು, ಹಾವು ಮೂರಕ್ಕೂ ಅದೇ ಕಾವಲು. ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ. ಕಚ್ಚಿದೆ ಅಂತ ಅನುಮಾನ ಬಂದರೂ ಸಾಕು, ಕಟ್ಟುವುದು, ಕೊಯ್ಯುವುದು, ಮಂತ್ರ ಏನೂ ಬೇಡ. 108ಕ್ಕೆ ಫೋನ್ ಮಾಡಿ ಸರ್ಕಾರಿ ಆಸ್ಪತ್ರೆಗೆ ಹೋಗಿ.


ಎರೆಹೊಲ_27

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ಪ್ರೀತಿಯಿಂದ ಯಾರು ಬರೆಯುತ್ತಾರೆ. ಎರಡು ವಾರ ಮೌನವಾಗಿದ್ದೆ, ಯಾಕೆಂದರೆ ಒಂದೊಂದೇ ಮಾಡಿ ನೋಡುತ್ತಿದ್ದೆ.

ತಮ್ಮನ ಹಳೆಯ ಕಾಲೇಜ್ ಚೀಲ 800 ಗ್ರಾಂ. ಟೆಂಟ್ ಬದಲು ಸೊಳ್ಳೆ ಪರದೆ 400, ತೆಳು ಪ್ಲಾಸ್ಟಿಕ್ ಹಾಳೆ 300, ವ್ಯಾಯಾಮ ಮಾಡುವ ಫೋಮ್ ಚಾಪೆಯನ್ನು ಭುಜದಿಂದ ಮೊಣಕಾಲಿನವರೆಗೆ ಸಾಕು ಅಂತ ಕತ್ತರಿಸಿದೆ, 400. ಅಮ್ಮನ ಸೊಲ್ಲಾಪುರ ಚಾದರ್ 1.2 ಕೆಜಿ. ಬಟ್ಟೆ, ಪಂಜೆ, ಹೊಳೆಯುವ ಜಾಕೆಟ್ ಸೇರಿ 1.2. ಸಣ್ಣ ಪವರ್ ಬ್ಯಾಂಕ್ 220, ಔಷಧ, ಸೋಪು, ಟಾರ್ಚು 500, ಎರಡು ಖಾಲಿ ಬಾಟಲಿ 60. ನೀರು, ಊಟ ಬಿಟ್ಟು 5.1 ಕೆಜಿಗಿಂತ ಒಂದಿಷ್ಟು ಕಡಿಮೆ. ಎರಡು ಲೀಟರ್ ನೀರು, 700 ಗ್ರಾಂ ರೊಟ್ಟಿ ಹಿಂಡಿ ಬೆಲ್ಲ ಹಾಕಿದರೆ 7.8. ಅದೇ ಕಿರಾಣಿ ಅಂಗಡಿಯ ಕಾಟಾದ ಮೇಲೆ ಇಟ್ಟೆ, ಅಂಗಡಿಯವರು ಎರಡು ಸಲ ನೋಡಿದರು.

ಹೋದ ಭಾನುವಾರ ಇದನ್ನೇ ಹೊತ್ತು ಮಹಾಗಾಂವ ಕ್ರಾಸಿನವರೆಗೆ ನಡೆದೆ, 20 ಕಿಲೋಮೀಟರಿಗೆ ಕಡಿಮೆ ಇಲ್ಲ. ಬೆಳಕು ಹರಿದ ಮೇಲೆ ಹೊರಟು ಮಧ್ಯಾಹ್ನ ಒಂದಕ್ಕೆ ಮುಟ್ಟಿದೆ. ನಡುವೆ ಬೇವಿನ ಮರದ ಕೆಳಗೆ ಕಾಲೆತ್ತಿ ಮಲಗಿದ್ದೆ ಕಾಕಾ, ನೀವು ಹೇಳಿದ್ದು ನಿಜ. ಬಲ ಹಿಮ್ಮಡಿ ಒಂದು ಸಲ ಬಿಸಿ ಅನಿಸಿತು, ಅಲ್ಲೇ ನಿಂತು ಟೇಪ್ ಹಚ್ಚಿದೆ. ಗುಳ್ಳೆ ಬರಲಿಲ್ಲ. ಹೋದ ಸಲ ನೆಲ ನೋಡುತ್ತ ನಡೆದಿದ್ದೆ, ಈ ಸಲ ತಲೆ ಎತ್ತಿ ನಡೆದೆ, ತೊಗರಿ ಹೂವು ಬಿಟ್ಟು ಕಾಯಿ ಕಟ್ಟಿದ ಹೊಲ ದಾರಿಯುದ್ದಕ್ಕೂ ಇತ್ತು.

ಮಲಗುವ ಜಾಗ: ಅಪ್ಪ ಫೋನ್ ಮಾಡಿದ ಮೇಲೆ ಮಹಾಗಾಂವ ಹತ್ತಿರ ಅವರ ಗೆಳೆಯರ ಮನೆ, ಕಮಲಾಪುರದಲ್ಲಿ ದೂರದ ನೆಂಟರು ಸಿಕ್ಕರು. ಹುಮನಾಬಾದಿನಲ್ಲಿ ಲಾಡ್ಜ್. ಉಳಿದದ್ದು ಹುಮನಾಬಾದ್ ಮತ್ತು ಬೀದರ್ ನಡುವಿನ ಒಂದು ರಾತ್ರಿ. ಅದೊಂದಕ್ಕಾಗಿ ಪರದೆ, ಚಾಪೆ, ಹಾಳೆ, ಚಾದರ್ ಸೇರಿ 2.3 ಕೆಜಿ ಐದು ದಿನ ಹೊರಬೇಕಾ ಅನ್ನುವುದೇ ಈಗಿನ ಪ್ರಶ್ನೆ.


ಆಳಂದ_ರಸ್ತೆ

ಪ್ಲಾಸ್ಟಿಕ್ ಹಾಳೆ ಬಿಡಿ, ಡಿಸೆಂಬರಿನಲ್ಲಿ ಮಳೆ ಬಂದರೆ ಯಾವುದಾದರೂ ಶಾಲೆಯ ಪಡಸಾಲೆಗೆ ಓಡಿ. ಚಾದರ್ ಬಿಡಬೇಡಿ. ಬೀದರ್ ಎತ್ತರದಲ್ಲಿದೆ, ರಾತ್ರಿ ಹತ್ತು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. ಲಾಡ್ಜಿನಲ್ಲೂ ಬೇಕಾಗುತ್ತದೆ.


ಕೆಂಪುಕಲ್ಲು_ಬೀದರ್

ಅಣ್ಣಾ, ಹಳ್ಳಿಖೇಡದಲ್ಲಿ ನನ್ನ ಜೊತೆ ಓದಿದವಳ ತವರು ಇದೆ. ಅವಳ ಅಣ್ಣನ ಹತ್ತಿರ ಮಾತಾಡಿದೆ. ಮನೆಯ ಮುಂದಿನ ಪಡಸಾಲೆಯಲ್ಲಿ ಮಂಚ ಇದೆಯಂತೆ, ಊಟಕ್ಕೂ ಬರಲಿ ಅಂದರು. ಯಾವ ತಾರೀಖು ಮುಟ್ಟುತ್ತೀರಿ ಅಂತ ಖಾಸಗಿಯಾಗಿ ಬರೆಯಿರಿ, ಅವರ ನಂಬರ್ ಕೊಡುತ್ತೇನೆ. ಚಾಪೆ, ಪರದೆ ಎರಡೂ ಮನೆಯಲ್ಲೇ ಬಿಡಬಹುದು.


ಕಾಗಿಣಾ_ದಂಡೆ

ಪರದೆ ಮಾತ್ರ ಇರಲಿ ತಮ್ಮಾ, ಆ ನರ್ಸ್ ತಂಗಿ ಹೇಳಿದ್ದು ನೆನಪಿರಲಿ. ಒಂದು ದಿನ ಕಾಲು ಸೋತು ನಡುವಿನ ಊರಲ್ಲೇ ಉಳಿಯಬೇಕಾಗುತ್ತದೆ, ಎಷ್ಟು ವರ್ಷ ನಡೆದರೂ ನನಗೇ ಆಗುತ್ತದೆ. ಆ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡ. ಕಮಲಾಪುರದಲ್ಲಿ ಒಂದು ಡಜನ್ ಕೆಂಬಾಳೆ ಕಟ್ಟಿಸಿಕೋ, ಸ್ವಲ್ಪ ಗಟ್ಟಿ ಇರುವುದನ್ನು ಆರಿಸು, ಹಳ್ಳಿಖೇಡ ಮುಟ್ಟುವ ಹೊತ್ತಿಗೆ ಹಣ್ಣಾಗಿರುತ್ತದೆ. ಆ ತೂಕವನ್ನು ಲೆಕ್ಕ ಹಾಕಬೇಡ.